ಸುಣ್ಣದಡಿಯ ಗಿಳಿ

ಕೊಣನೂರಿನಲ್ಲಿ ಮನೆ ಕಟ್ಟಿದವರೆಲ್ಲ ದೃಷ್ಟಿಗೊಂಬೆ ಕಟ್ಟುತ್ತಾರೆ. ನಮ್ಮ ದೊಡ್ಡಪ್ಪನಿಗೆ ಆ ತಾಪತ್ರಯವೇ ಇರಲಿಲ್ಲ. ಅವನ ಮನೆಯೇ ದೃಷ್ಟಿಗೊಂಬೆ!

ಮಿಲಿಟರಿಯಲ್ಲಿದ್ದಾಗ ದೊಡ್ಡಪ್ಪ ಪಂಜಾಬಿನ ಸರ್ದಾರ ಗೆಳೆಯನೊಬ್ಬನ ಮನೆಯಲ್ಲಿ ಒಂದು ತಿಂಗಳು ಇದ್ದನಂತೆ. ತಾತ ಮುತ್ತಾತರ ಹವೇಲಿ. ಗೋಡೆ ತುಂಬ ಬಳ್ಳಿ, ಗಿಳಿ, ನವಿಲು. ಬಾಗಿಲಿಗೆ ಹೂವಿನ ಕೆತ್ತನೆ. ಕಮಾನಿಗೆ ಅಲೆ ಅಲೆ ಅಂಚು. ಚಾವಣಿಗೆ ಕನ್ನಡಿ ಚೂರು. ದೇಶ ಎರಡಾದಾಗ ಮನೆ ಗಡಿಯಾಚೆ ಉಳಿಯಿತು, ಗೆಳೆಯ ಬರಿಗೈಲಿ ಈಚೆ ಬಂದ. ನಿನ್ನ ಮನೆಯನ್ನು ನಮ್ಮೂರಲ್ಲಿ ಮಾಡಿಟ್ಟಿರುತ್ತೇನೆ, ಬಂದು ನೋಡು ಎಂದು ದೊಡ್ಡಪ್ಪ ಕಾಗದ ಬರೆದೇಬಿಟ್ಟ. ಬಂದೇ ಬರುತ್ತೇನೆ ಎಂದು ಅವನೂ ಬರೆದ.

ಮಾಡುವವರು ಯಾರು? ಅರಕಲಗೂಡಿನ ಆಚಾರಿ ನೇಗಿಲು, ನೊಗ ಬಿಟ್ಟು ಬೇರೇನೂ ಕಂಡವನಲ್ಲ. ಅವನು ಕೂರಿಸಿದ ಕಮಾನು ನೋಡಿ ನಮ್ಮ ಎತ್ತುಗಳು ತಾವಾಗಿಯೇ ಕತ್ತು ಒಡ್ಡಿದವು! ಚಾವಣಿಯ ಕನ್ನಡಿಗಳಲ್ಲಿ ದೊಡ್ಡಪ್ಪನ ಬೋಳುತಲೆ ನಲವತ್ತು ಕಡೆ ಹೊಳೆಯುತ್ತಿತ್ತು.

"ಒಂದ್ ತಲೇನೇ ತಡ್ಯಕಾಗ್ದು, ನಲ್ವತ್ತು ಮಾಡ್ಕಂಡವ್ರೆ!" ಎಂದಳು ದೊಡ್ಡವ್ವ.

ಪಡಸಾಲೆಯ ಗೋಡೆಗೆ ಮಾತ್ರ ದೊಡ್ಡಪ್ಪನೇ ಕೆಮ್ಮಣ್ಣು, ನೀಲಿಗೆ ಬೇಲದ ಅಂಟು ಬೆರೆಸಿ ಚಿತ್ರ ಬರೆದ. ಪಕ್ಕದ ಮನೆಯವನು ನವಿಲನ್ನು ಹತ್ತಿರದಿಂದ ನೋಡಿ, "ಉಂಜ ಚೆಂದಾಗೈತೆ ಕಣಣ್ಣ, ಯಾವಾಗ ಕುಯ್ಯದು?" ಎಂದ.

ಆದರೆ ದೊಡ್ಡವ್ವನಿಗೆ ಯುಗಾದಿ ಎಂದರೆ ಸುಣ್ಣ. ಹಬ್ಬಕ್ಕೆ ಅವಳು ಬಳಿಯುವಳು, ಹಬ್ಬ ಕಳೆದ ಮೇಲೆ ಅವನು ಮತ್ತೆ ಬರೆಯುವನು.

"ಸುಣ್ಣ ಒಡೀದಿದ್ರೆ ಜನ ಏನಂತಾರೆ?"

"ಅವ್ನು ಬಂದ್ರೆ ಏನಂತಾನೆ?"

"ಬಂದಾಗ ನೋಡನ, ಓಗಿ!"

ಹನ್ನೆರಡು ವರ್ಷ ಇದೇ ಜಗಳ. ಬಸ್ಸಿನ ಸದ್ದಾದಾಗಲೆಲ್ಲ ದೊಡ್ಡಪ್ಪ ಬೀದಿಗೆ ಬಂದು ನಿಲ್ಲುತ್ತಿದ್ದ. ಪೇಟದವರೇನೋ ಇಳಿಯುತ್ತಿದ್ದರು, ಪಟೇಲರು, ಮೇಷ್ಟರು. ಪೇಟದ ಕೆಳಗೆ ಗಡ್ಡ ಇರುತ್ತಿರಲಿಲ್ಲ. ನಮಗೆಲ್ಲ ನಗುವೋ ನಗು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಕೊನೆಗೊಮ್ಮೆ ಗೆಳೆಯ ಬಂದ. ಯಾವತ್ತು? ಯುಗಾದಿಯ ಹಿಂದಿನ ದಿನ! ದೊಡ್ಡವ್ವ ಸುಣ್ಣ ಬಳಿದು ಇನ್ನೂ ಕೈ ತೊಳೆದಿರಲಿಲ್ಲ. ಬಿಳಿಗಡ್ಡದ ಆ ಮುದುಕ ಪಡಸಾಲೆಯಲ್ಲಿ ನಿಂತು ಬಿಳಿ ಗೋಡೆ ನೋಡಿದ. ದೊಡ್ಡಪ್ಪ ತಪ್ಪು ಮಾಡಿದವನ ಹಾಗೆ ತಲೆ ತಗ್ಗಿಸಿದ.

ಸರ್ದಾರ ನಿಧಾನವಾಗಿ ಗೋಡೆಯ ಎಡಮೂಲೆಗೆ ಬೆರಳಿಟ್ಟು ಹಿಂದಿಯಲ್ಲಿ ಕೇಳಿದ, ಗಿಳಿ ಇಲ್ಲೇ ಅಲ್ಲವೇ ಎಂದು. ಅವನ ಮನೆಯಲ್ಲಿ ಅದು ಇದ್ದದ್ದು ಅಲ್ಲೇ.

ದೊಡ್ಡವ್ವನಿಗೆ ಹಿಂದಿ ಎಲ್ಲಿಂದ ಬರಬೇಕು? ಆದರೂ, "ತಡೀರಿ ಸಾ" ಎಂದವಳೇ ಸೆರಗನ್ನು ನೀರಿಗೆ ಅದ್ದಿ, ತಾನೇ ಬಳಿದ ಹಸಿ ಸುಣ್ಣವನ್ನು ಒರೆಸತೊಡಗಿದಳು. ಮೊದಲು ಕೆಂಪು ಕೊಕ್ಕು ಕಂಡಿತು. ಆಮೇಲೆ ಕಣ್ಣು.

ಸರ್ದಾರ ಹೊಸ್ತಿಲಾಚೆ ಹೋಗಿ, ಬೂಟು ಬಿಚ್ಚಿಟ್ಟು, ಮತ್ತೆ ಒಳಗೆ ಬಂದ. ಈ ಸಲ ತನ್ನ ಮನೆಗೆ ಬಂದ.