ಕಾರಿನ ಫ್ಯಾನಿಗೆ ಮನೆಯ ಸ್ವಿಚ್ಚು

ಪ್ರತಿ ಮನೆಯಲ್ಲೂ ಫ್ಯಾನ್ ಹಾಕುವವರು, ಫ್ಯಾನ್ ಆರಿಸುವವರು ಎಂದು ಎರಡು ಪಕ್ಷಗಳಿರುತ್ತವೆ. ನಮ್ಮ ಮನೆಯಲ್ಲಿ ಆರಿಸುವ ಪಕ್ಷಕ್ಕೆ ಅಧ್ಯಕ್ಷ, ಕಾರ್ಯದರ್ಶಿ, ಸದಸ್ಯ ಎಲ್ಲವೂ ನಾನೇ. ಯಾರಾದರೂ ಕೋಣೆಯಿಂದ ಒಂದು ಕಾಲು ಹೊರಗಿಟ್ಟರೆ ಸಾಕು, ಇನ್ನೊಂದು ಕಾಲು ಒಳಗಿರುವಾಗಲೇ ನನ್ನ ಕೈ ಸ್ವಿಚ್ಚಿನ ಮೇಲಿರುತ್ತದೆ. ಕೈ ತೊಳೆಯಲು ಎದ್ದು ಹೋದ ನೆಂಟರು ಮರಳಿ ಬಂದು ಕೂತು, ಮೇಲೆ ನೋಡಿ, "ಕರೆಂಟು ಹೋಯ್ತಾ?" ಎಂದು ಕೇಳಿದ್ದುಂಟು. "ಹೌದು, ನಮ್ಮಲ್ಲಿ ಹೀಗೆಯೇ" ಎಂದು ನಾನು ಕರೆಂಟಿನ ಕಂಬಕ್ಕೆ ಬೈದದ್ದೂ ಉಂಟು. ಅಡುಗೆ ಮನೆಯಿಂದ ಬೆವರೊರೆಸಿಕೊಂಡು ಬಂದು ಕೂತ ಹೆಂಡತಿ ಸುಮತಿ ಮಾತ್ರ ಕಂಬಕ್ಕೆ ಬೈಯುವುದಿಲ್ಲ. ಅವಳು ಶಾಲೆಯಲ್ಲಿ ಟೀಚರು. ತಪ್ಪು ಯಾರದ್ದೆಂದು ಮುಖ ನೋಡಿದರೇ ಅವಳಿಗೆ ಗೊತ್ತಾಗುತ್ತದೆ.

ಇಂಥ ನನಗೆ ವಾಹನಗಳ ಫ್ಯಾನಿನ ಬಗ್ಗೆಯೂ ಖಚಿತವಾದ ಅಭಿಪ್ರಾಯವಿತ್ತು. ಕಾರು ಕೊಳ್ಳುವ ಮೊದಲು ನಮ್ಮಲ್ಲಿ ಅಪ್ಪನ ಕಾಲದ ಒಂದು ಜೀಪಿತ್ತು. ಅದರ ರೇಡಿಯೇಟರಿನ ಫ್ಯಾನನ್ನು ಎಂಜಿನ್ನೇ ಬೆಲ್ಟಿನಿಂದ ತಿರುಗಿಸುತ್ತಿತ್ತು. ಎಂಜಿನ್ ತಿರುಗಿದರೆ ಅದೂ ತಿರುಗುತ್ತದೆ, ನಿಂತರೆ ನಿಲ್ಲುತ್ತದೆ. ಪ್ರಶ್ನೆ ಕೇಳುವುದಿಲ್ಲ, ಕರೆಂಟು ಕೇಳುವುದಿಲ್ಲ. ಈಗಿನ ಕಾರುಗಳದ್ದು ಹಾಗಲ್ಲ. ಫ್ಯಾನಿಗೆ ಪ್ರತ್ಯೇಕ ಮೋಟರು, ಅದಕ್ಕೆ ಬ್ಯಾಟರಿಯ ಕರೆಂಟು. ನೀರು ಕಾದಿದೆ ಎಂದು ಸೆನ್ಸರ್ ಎಂಬ ಅಧಿಕಾರಿ ವರದಿ ಕೊಟ್ಟ ಮೇಲೆಯೇ ದೊರೆಗಳು ಏಳುವುದು. ಎದ್ದ ಮೇಲೆ ಬೇಗ ಮಲಗುವುದೂ ಇಲ್ಲ. ನಾವು ಎಂಜಿನ್ ನಿಲ್ಲಿಸಿ, ಕೀಲಿ ಹಿಡಿದುಕೊಂಡು ಮನೆಯೊಳಗೆ ಹೋದ ಮೇಲೂ ಅಂಗಳದಲ್ಲಿ ಗುಂಯ್ ಎನ್ನುತ್ತಿರುತ್ತಾರೆ. ಯಾರೂ ಇಲ್ಲದ ಕಡೆ ಫ್ಯಾನು ತಿರುಗುವುದನ್ನು ಕಂಡರೆ ನನಗೆ ಹೇಗಾಗಬೇಡ! ಈ ವಿಷಯವನ್ನು ನಾನು ಮದುವೆ ಊಟದ ಪಂಕ್ತಿಯಲ್ಲಿ, ಕ್ಷೌರದಂಗಡಿಯ ಬೆಂಚಿನಲ್ಲಿ, ಒಮ್ಮೆ ಸಾವಿನ ಮನೆಯಲ್ಲಿ ಕೂಡ ಮಂಡಿಸಿದ್ದೇನೆ. ಜೀಪು ಕುದಿಯುತ್ತಿರಲಿಲ್ಲವೇ ಎಂದು ಯಾರಾದರೂ ಅಡ್ಡ ಪ್ರಶ್ನೆ ಹಾಕಿದರೆ ಮಾತ್ರ ಸ್ವಲ್ಪ ತೊಂದರೆ. ಕುದಿಯುತ್ತಿತ್ತು. ಪೇಟೆಯಲ್ಲಿ ತೆವಳುವಾಗ ಎಂಜಿನ್ ನಿಧಾನ, ಎಂಜಿನ್ ನಿಧಾನವಾದರೆ ಫ್ಯಾನೂ ನಿಧಾನ. ಆದ್ದರಿಂದ ಸೀಟಿನಡಿ ಯಾವಾಗಲೂ ನೀರಿನ ಕ್ಯಾನ್ ಇರುತ್ತಿತ್ತು. ಆದರೆ ಅದು ಮರ್ಯಾದಸ್ಥರ ಕುದಿತ ಎಂದು ನಾನು ಹೇಳುತ್ತಿದ್ದೆ.

ನಾನು ಗುಮಾಸ್ತನಾಗಿರುವ ಸೊಸೈಟಿಯಲ್ಲೂ ಈ ಎರಡು ಬಗೆಯವರಿದ್ದಾರೆ. ಕೆಲವರು ಬೆಳಗ್ಗೆ ಬಾಗಿಲು ತೆರೆದಲ್ಲಿಂದ ಫೈಲು ಹಿಡಿದು ತಿರುಗುತ್ತಲೇ ಇರುತ್ತಾರೆ. ಕೆಲಸ ಉಂಟೋ ಇಲ್ಲವೋ, ಸದ್ದಂತೂ ಉಂಟು. ಇನ್ನು ಕೆಲವರು ಅಧ್ಯಕ್ಷರ ತಲೆ ಬಿಸಿಯಾಗುವವರೆಗೆ ಅಲ್ಲಾಡುವುದಿಲ್ಲ. ಬಿಸಿಯಾಯಿತೋ, ಎದ್ದು ಭರ್ರೆಂದು ತಿರುಗುತ್ತಾರೆ. ಅಧ್ಯಕ್ಷರು ಮನೆಗೆ ಹೋದ ಮೇಲೂ ನಾಲ್ಕು ಜನ ನೋಡಲಿ ಎಂದು ತಿರುಗುತ್ತಾರೆ. ಬಡ್ತಿ ಸಿಗುವುದು ಈ ಎರಡನೆಯವರಿಗೆ. ನಾನು ಮೊದಲನೆಯ ಬಗೆ ಎಂದು ನನ್ನ ನಂಬಿಕೆ. ಎರಡರಲ್ಲೂ ಸೇರದ ಮೂರನೆಯದೊಂದು ಬಗೆ ಉಂಟೆಂದು ನನಗಾಗ ತಿಳಿದಿರಲಿಲ್ಲ.

ಜೀಪು ಕೊನೆಗೆ ಗುಜರಿಗೆ ಹೋಗಿ, ಮನೆಗೊಂದು ಸೆಕೆಂಡ್ ಹ್ಯಾಂಡ್ ಸಣ್ಣ ಕಾರು ಬಂತು. ಬಂದ ವರ್ಷವೇ ಅದರ ಫ್ಯಾನು ಮುಷ್ಕರ ಹೂಡಿತು. ನಮ್ಮ ಮೊಗ್ರಾಲಿನಲ್ಲಿ ಅಶ್ರಫ್ ಎಂಬ ಮೆಕ್ಯಾನಿಕ್ ಇದ್ದಾನೆ. ಬೋನೆಟ್ ಎತ್ತಿ ನೋಡಿ ಹೇಳಿದ: "ಸೆನ್ಸರ್ ಹೋಗಿದೆ ಸಾರ್. ಹೊಸತು ಮಂಗಳೂರಿನಿಂದ ತರಿಸ್ಬೇಕು. ಅಲ್ಲಿವರೆಗೆ ಬೇಕಾದ್ರೆ ಬ್ಯಾಟರಿಯಿಂದ ಡೈರೆಕ್ಟ್ ಕೊಡ್ತೇನೆ. ಒಂದು ಸ್ವಿಚ್ ಇಟ್ರೆ ಆಯ್ತು. ಗಾಡಿ ಸ್ಟಾರ್ಟ್ ಮಾಡುವಾಗ ಆನ್, ನಿಲ್ಲಿಸುವಾಗ ಆಫ್." ಸೆನ್ಸರಿನ ಬೆಲೆ ಕೇಳಿದ ಮೇಲೆ 'ಅಲ್ಲಿವರೆಗೆ' ಎಂಬುದನ್ನು ನಾನು 'ಇನ್ನು ಮುಂದೆ' ಎಂದು ತಿದ್ದಿಕೊಂಡೆ. ಸ್ವಿಚ್ಚಿಗೂ ದುಡ್ಡು ಹಾಕುವುದೇಕೆ? ಮನೆಯ ವಯರಿಂಗಿನಲ್ಲಿ ಉಳಿದ ಒಂದು ಬಿಳಿ ಸ್ವಿಚ್ಚು ಕಪಾಟಿನಲ್ಲಿತ್ತು. ತಂದುಕೊಟ್ಟೆ. ಅಶ್ರಫ್ ಅದನ್ನು ತಿರುಗಿಸಿ ನೋಡಿ, "ಸಾರ್, ಇದು ಮನೆಯದ್ದಲ್ವಾ?" ಎಂದ. "ಸ್ವಿಚ್ಚಿಗೆ ಮನೆ ಎಂತ, ಕಾರು ಎಂತ? ಹಾಕು ಮಾರಾಯ" ಎಂದೆ. ಅವನು ಹಾಕಿದ. ಹೀಗೆ ನಮ್ಮ ಮಲಗುವ ಕೋಣೆಯ ಗೋಡೆಯಲ್ಲಿರುವಂಥದ್ದೇ ಸ್ವಿಚ್ಚು ಕಾರಿನ ಡ್ಯಾಶ್‌ಬೋರ್ಡಿನ ಕೆಳಗೆ, ಗಿಯರಿನ ಪಕ್ಕದಲ್ಲಿ ಬಂದು ಕೂತಿತು.

ಅಷ್ಟರಲ್ಲಿ ಸುಮತಿಗೆ ಬಡ್ತಿಯ ಆರ್ಡರು ಬಂತು. ಬಂದ್ಯೋಡಿನಿಂದ ಸ್ವಲ್ಪ ಮುಂದಿನ ಶಾಲೆಗೆ ಹೆಡ್ಮಿಸ್ಟ್ರೆಸ್. ಬೆಳಗ್ಗಿನ ಬೆಲ್ಲಿನ ಮೊದಲು ಹೋಗಿ ಸಹಿ ಹಾಕಿ ಚಾರ್ಜು ತೆಗೆದುಕೊಳ್ಳಬೇಕು. ತಡವಾಗಿ ಬಂದ ಮಕ್ಕಳನ್ನು ವರಾಂಡದಲ್ಲಿ ನಿಲ್ಲಿಸುವುದಕ್ಕೆ ಹೆಸರಾದವಳು ಸುಮತಿ. ಅವಳೇ ಮೊದಲ ದಿನ ತಡವಾಗಿ ಹೋದರೆ ಆ ಶಾಲೆಯಲ್ಲಿ ಮತ್ತೆ ಯಾವ ಮಗುವಿನ ಮುಖ ನೋಡಿ ಮಾತಾಡುವುದು? "ನಾನು ಬಸ್ಸಿಗೆ ಹೋಗ್ತೇನೆ. ಮನೆ ಎದುರೇ ನಿಲ್ತದೆ" ಎಂದಳು. ನಾನು ಒಪ್ಪಲಿಲ್ಲ. "ಎಚ್.ಎಂ. ಆಗಿ ಬಸ್ಸಿನಲ್ಲಿ ನೇತಾಡಿಕೊಂಡು ಹೋಗುವುದಾ? ನಾನೇ ಬಿಡ್ತೇನೆ ಮಾರಾಯ್ತಿ" ಎಂದೆ. ನಿಜ ಹೇಳಬೇಕೆಂದರೆ, ಆ ಗೇಟಿನಲ್ಲಿ ಅವಳ ಪಕ್ಕ ನಾನೂ ಇಳಿಯಬೇಕೆಂದು ನನಗೆ ತುಂಬಾ ಆಸೆಯಿತ್ತು. ಸೊಸೈಟಿಯಲ್ಲಿ ನನಗೆ ಬಾರದ ಬಡ್ತಿ ಮನೆಗೆ ಯಾರಿಂದಲಾದರೂ ಬಂತಲ್ಲ ಎಂದು ಎದೆ ಉಬ್ಬಿತ್ತು.

ಹೊರಟೆವು. ಸ್ಟಾರ್ಟ್ ಮಾಡುವಾಗಲೇ ಸ್ವಿಚ್ಚು ಹಾಕಿದ್ದೆ, ಅದರಲ್ಲಿ ತಪ್ಪಿಲ್ಲ. ಕುಂಬಳೆಯಲ್ಲಿ ಸುಮತಿ, "ಹೊಸ ಸ್ಟಾಫಿಗೆ ಲಾಡು ತಗೊಳ್ತೇನೆ, ಒಂದು ನಿಮಿಷ" ಎಂದು ಇಳಿದಳು. ಎಂಜಿನ್ ನಿಲ್ಲಿಸಿ ಕೂತೆ. ಎದುರಿನಿಂದ ಗುಂಯ್ ಎಂಬ ಸದ್ದು. ಸುಮತಿ ಒಳಗಿಲ್ಲ, ಎಂಜಿನ್ ಓಡುತ್ತಿಲ್ಲ, ಫ್ಯಾನು ಮಾತ್ರ ತಿರುಗುತ್ತಿದೆ! ನನ್ನ ಕೈಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಲಾಡುವಿನ ಪೊಟ್ಟಣ ಹಿಂದಿನ ಸೀಟಿನಲ್ಲಿ ಕೂತಿತು, ಸುಮತಿ ಮುಂದೆ ಕೂತಳು, ಕಾರು ಹೊರಟಿತು.

ಹೆದ್ದಾರಿಯಲ್ಲಿ ಓಡುವಾಗ ಎದುರು ಗಾಳಿಗೆ ಏನೂ ಗೊತ್ತಾಗಲಿಲ್ಲ. ಬಂದ್ಯೋಡು ಜಂಕ್ಷನ್ನಿನಲ್ಲಿ ಒಂದು ಲಾರಿ ತಿರುಗಲು ಹೋಗಿ ಅಡ್ಡ ನಿಂತಿತ್ತು. ಅದರ ಹಿಂದೆ ತೆವಳುತ್ತಾ, ನಿಲ್ಲುತ್ತಾ, ಹಾರ್ನ್ ಹೊಡೆಯುತ್ತಾ ಇದ್ದಂತೆ ಬೋನೆಟ್ಟಿನ ಸಂದಿನಿಂದ ಹಬೆ ಎದ್ದಿತು. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದ ಹಾಗೆ. ಕಾರನ್ನು ಬದಿಗೆ ಹಾಕುವಷ್ಟರಲ್ಲಿ ಜನ ಸೇರಿದರು. ಮೀನು ಕೊಳ್ಳಲು ಬಂದವರು ಮೀನು ಬಿಟ್ಟು ಬಂದರು. "ಮುಚ್ಚಳ ಮುಟ್ಬೇಡಿ ಸಾರ್, ತಣಿಯಲಿ" ಎಂದ ಒಬ್ಬ ರಿಕ್ಷಾ ಡ್ರೈವರ್. ರಜೆಯಲ್ಲಿ ಊರಿಗೆ ಬಂದಿದ್ದ ದುಬಾಯಿಯ ಸಾಹುಕಾರರೊಬ್ಬರು ಕಪ್ಪು ಕನ್ನಡಕ ಹಣೆಗೇರಿಸಿ, "ಅಲ್ಲಿ ಐವತ್ತು ಡಿಗ್ರಿ ಬಿಸಿಲಲ್ಲಿ ನನ್ನ ಗಾಡಿ ಒಂದು ದಿನವೂ ಹೀಗೆ ಮಾಡ್ಲಿಲ್ಲ" ಎಂದರು. ಎಲ್ಲಿ ಏನು ಕೆಟ್ಟರೂ ಹೀಗೆ ಹೇಳಲು ಒಬ್ಬರು ನಮ್ಮ ಜಿಲ್ಲೆಯಲ್ಲಿ ಸಿಕ್ಕೇ ಸಿಗುತ್ತಾರೆ.

ನಾನು ಸುಮ್ಮನಿರಬೇಕಿತ್ತು. ಆದರೆ ಇಷ್ಟು ಜನ ಕೇಳುಗರು ಒಟ್ಟಿಗೆ ನನಗೆ ಎಂದೂ ಸಿಕ್ಕಿರಲಿಲ್ಲ. "ಇದು ಎಲೆಕ್ಟ್ರಿಕ್ ಫ್ಯಾನಿನ ಹಣೆಬರಹ" ಎಂದು ಶುರು ಮಾಡಿದೆ. "ನೋಡಿ, ಎಂಜಿನ್ ಓಡ್ತಾ ಇತ್ತು, ಆದ್ರೆ ಫ್ಯಾನು ಮಲಗಿದೆ. ಜೀಪಿನಲ್ಲಿ ಇಂಥ ಮೈಗಳ್ಳತನ ನಡೀತಿತ್ತಾ? ಅದನ್ನು ಮಾಡಿದವರಿಗೆ ತಲೆ ಇತ್ತು." ಮೆಕ್ಯಾನಿಕ್ಕಿಗೆ ಬೈದೆ, ಕಾರು ಮಾರಿದವನಿಗೆ ಬೈದೆ, ಹೊಸ ಕಾಲಕ್ಕೇ ಬೈದೆ. ದುಬಾಯಿಯವರೂ ತಲೆದೂಗಿದರು. ಸುಮತಿ ಗಡಿಯಾರ ನೋಡಿ, ತನ್ನ ಬ್ಯಾಗು ತೆಗೆಯಲೆಂದು ಕಾರಿನೊಳಗೆ ಬಗ್ಗಿದಳು. ಬಗ್ಗಿದವಳು ಗಿಯರಿನ ಪಕ್ಕಕ್ಕೆ ಕೈ ಚಾಚಿದಳು. ಟಿಕ್ ಎಂದಿತು. ಬೋನೆಟ್ಟಿನಡಿ ಫ್ಯಾನು ಗುಂಯ್ ಎಂದು ತಿರುಗತೊಡಗಿತು.

"ಇದನ್ನು ಆಫ್ ಮಾಡಿದ್ದು ಯಾರು?" ಎಂದಳು ಸುಮತಿ. ದನಿ ಎತ್ತರಿಸಲಿಲ್ಲ. ಅವಳು ಹೆಡ್ಮಿಸ್ಟ್ರೆಸ್ ಆದದ್ದು ಶಾಲೆಯಲ್ಲಲ್ಲ, ಅಲ್ಲಿಯೇ, ಆ ಕ್ಷಣದಲ್ಲಿ. ನಾನು ತಿರುಗಿ ಹಿಂದಿನ ಸೀಟು ನೋಡಿದೆ. ಅಲ್ಲಿ ಲಾಡು ಪೊಟ್ಟಣ ಬಿಟ್ಟರೆ ಯಾರೂ ಇರಲಿಲ್ಲ. ರಿಕ್ಷಾದವನು ಆಕಾಶ ನೋಡಿದ. ದುಬಾಯಿಯವರು ಕನ್ನಡಕ ಕಣ್ಣಿಗಿಳಿಸಿಕೊಂಡರು. ಜನ ಮೀನಿನ ಕಡೆಗೆ ಹೊರಟರು. ಲಾರಿ ಸರಿದು ದಾರಿ ಬಿಡುವುದಕ್ಕೂ, ನಮ್ಮ ಮನೆಯೆದುರು ನಿಲ್ಲುವ ಅದೇ ಬಸ್ಸು ಹಿಂದಿನಿಂದ ಬರುವುದಕ್ಕೂ ಸರಿಯಾಯಿತು. ಸುಮತಿ ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಲಾಡು ಹಿಡಿದು ಬಸ್ಸು ಹತ್ತಿ, ನಿಂತುಕೊಂಡೇ ಹೋದಳು. ಹಿಂದೆ ನೋಡಲಿಲ್ಲ. ನನಗೆ ನಿಜವಾಗಿಯೂ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಆ ಗೇಟು ನನಗೆ ತಪ್ಪಿಹೋಯಿತಲ್ಲ ಎಂದು ಬೇಜಾರಾಯಿತು.

ಸಂಜೆ ಬಂದವಳು ತಾನಾಗಿಯೇ ಹೇಳಿದಳು. ಗೇಟು ದಾಟಿ ಆಫೀಸಿಗೆ ಓಡಿ ಸಹಿ ಹಾಕಿ ಪೆನ್ನು ಮುಚ್ಚುವಾಗ ಬೆಲ್ಲು ಹೊಡೆಯಿತಂತೆ. ಲಾಡು ತಿನ್ನುತ್ತಾ ಟೀಚರುಗಳು, "ಸಾರ್ ಬರ್ಲಿಲ್ವಾ?" ಎಂದು ಕೇಳಿದರಂತೆ. "ನೀನು ಎಂತ ಹೇಳಿದೆ?" ಎಂದೆ. "ಬಂದ್ಯೋಡಿನಲ್ಲಿ ತಣೀತಾ ಇದ್ದಾರೆ ಅಂತ ಹೇಳಿದೆ" ಎಂದಳು. ಚಾ ಕುಡಿದು ಲೋಟ ಇಟ್ಟು ಮತ್ತೆ ಹೇಳಿದಳು: "ನೀವು ಹೇಳುವುದು ಸರಿಯೇ ಮಾರಾಯ್ರೆ. ನಿಮಗೆ ಜೀಪಿನ ಫ್ಯಾನೇ ಒಳ್ಳೆಯದು. ಅದಕ್ಕೆ ಸ್ವಿಚ್ ಇಲ್ಲ."

ನಾನು ಇಷ್ಟು ಕಾಲ ಊರೆಲ್ಲ ಮಾಡಿದ ಭಾಷಣದಲ್ಲಿ ಈ ಅಂಶ ಒಂದು ಸಲವೂ ಬಂದಿರಲಿಲ್ಲ. ತಿರುಗುವುದನ್ನು ಆರಿಸುವ ಆ ಮೂರನೆಯ ಬಗೆ ನಾನೇ ಎಂದು ಆಗ ತಿಳಿಯಿತು.

ಈಗ ಮಂಗಳೂರಿನಿಂದ ಸೆನ್ಸರ್ ಬಂದಿದೆ. ಸುಮತಿಯ ಮೊದಲ ಆಜ್ಞೆಯಂತೆ ಅಶ್ರಫ್ ಬಿಳಿ ಸ್ವಿಚ್ಚನ್ನು ಕಿತ್ತು ನನ್ನ ಕೈಗೇ ಕೊಟ್ಟ. ಫ್ಯಾನು ತನಗೆ ಬೇಕಾದಾಗ ಏಳುತ್ತದೆ, ಬೇಕಾದಾಗ ಮಲಗುತ್ತದೆ. ನಿನ್ನೆ ಇಬ್ಬರೂ ಪೇಟೆಯಿಂದ ಬಂದೆವು. ಸುಮತಿ ಒಳಗೆ ಹೋಗಿ ಫ್ಯಾನ್ ಹಾಕಿ ಕೂತಳು, ಪಕ್ಕದಲ್ಲಿ ನಾನೂ ಕೂತೆ. ಕಾರಿನ ಫ್ಯಾನು ಅಂಗಳದಲ್ಲಿ ಇನ್ನೂ ಗುಂಯ್ ಎನ್ನುತ್ತಿರುವುದು ಕೇಳಿ ತಡೆಯಲಾರದೆ ನಾನು ಎದ್ದು ಹೊರಗೆ ಬಂದೆ. ಕೈ ಕಟ್ಟಿಕೊಂಡು, ಅದು ತಾನಾಗಿ ನಿಲ್ಲುವವರೆಗೂ ಮುಟ್ಟದೆ ನಿಂತೆ. ನಾನು ಸುಧಾರಿಸಿದ್ದೇನೆ ಎಂದು ನನಗೇ ಹೆಮ್ಮೆಯಾಯಿತು. ಆಗ ಒಳಗಿನಿಂದ ಸುಮತಿಯ ಸ್ವರ ಬಂತು: "ನಾನು ಇಲ್ಲೇ ಕೂತಿದ್ದೇನಲ್ಲ! ಫ್ಯಾನ್ ಆಫ್ ಮಾಡಿದ್ದು ಯಾರು?"

ನಾನು ಕಾರಿನ ಹಿಂದಿನ ಸೀಟು ನೋಡಿದೆ. ನಿನ್ನೆ ಅಲ್ಲಿ ಲಾಡು ಪೊಟ್ಟಣವೂ ಇರಲಿಲ್ಲ.