ನಾನು ಚಾರ್ಜ್ ತಗೊಂಡ ದಿನ

ಇಟ್ಟಿಗಿ ಹೈಸ್ಕೂಲಿನಲ್ಲಿ ನಾನೇ ಸೀನಿಯರ್. ಹೆಡ್ಮಾಸ್ತರಿಗೆ ವರ್ಗವಾಯಿತು. ಹೊಸಬರು ಬರುವ ತನಕ ಶಾಲೆಯ ಚಾರ್ಜ್ ಯಾರಿಗೆ? ಇದೂ ಒಂದು ಪ್ರಶ್ನೆಯೇ!

ಹಡಗಲಿಯ ಮನೆಯಲ್ಲಿ ಇಸ್ತ್ರಿ ಅಂಗಿ ತೊಟ್ಟು ಹೆಂಡತಿಗೆ ಗಂಭೀರವಾಗಿ ಹೇಳಿದೆ: "ಇವತ್ತ ಚಾರ್ಜ್ ತಗೊಳ್ಳಾಕ ಹೊಂಟೀನಿ."

"ಬಸ್ ಚಾರ್ಜ್ ಇಟಗೊಂಡೀರಿಲ್ಲೋ?" ಎಂದಳು ಗಿರಿಜಾ.

ಬಸ್ಸಿನಲ್ಲಿ ಕೂತವನೇ ಕೊಟ್ಟೂರಿನ ಷಡ್ಡಕನಿಗೆ, ಹರಪನಹಳ್ಳಿಯ ಅಕ್ಕನಿಗೆ, ನನ್ನನ್ನು ಮರೆತೇಬಿಟ್ಟಿದ್ದ ಬೀಗರಿಗೆ ಫೋನ್ ಮಾಡಿ ಸುದ್ದಿ ಮುಟ್ಟಿಸಿದೆ. ಎಲ್ಲರೂ ಸಂತೋಷಪಟ್ಟರು. ಬಸ್ಸು ಮಾತ್ರ ನಡುದಾರಿಯಲ್ಲಿ ಪಂಕ್ಚರ್ ಆಯಿತು.

ಅಷ್ಟರಲ್ಲಿ ಹೆಡ್ಮಾಸ್ತರ ಫೋನ್. "ಎಲ್ಲಿ ಅದೀರಿ ಮಾಸ್ತರ? ನಾನು ಹೊಸ ಊರಿಗೆ ಹೊಂಡಬೇಕು. ಚಾರ್ಜ್..."

ನನ್ನ ಮೊಬೈಲು ಕೊನೆಯುಸಿರು ಎಳೆಯುತ್ತಿತ್ತು. "ಸರ್, ಚಾರ್ಜ್ ಇಲ್ರಿ! ಬ್ಯಾರೆಯವರ ಕಡಿಂದ ಮಾಡ..." ಎಂದು ಕೂಗಿದೆ. ಬೇರೆಯವರ ಫೋನಿಂದ ಮಾಡುತ್ತೇನೆ ಎನ್ನುವುದು ನನ್ನ ಅರ್ಥ. ಮೊಬೈಲು ಅಷ್ಟಕ್ಕೇ ಸತ್ತಿತು.

ಪಕ್ಕದವರ ಫೋನು ಕೇಳಿದೆ. ಕೊಟ್ಟರು. ಹೆಡ್ಮಾಸ್ತರ ನಂಬರು ನನಗೆ ಬಾಯಿಪಾಠ ಇರಲಿಲ್ಲ!

ಶಾಲೆ ಮುಟ್ಟಿದಾಗ ಹೆಡ್ಮಾಸ್ತರ ಕುರ್ಚಿಯಲ್ಲಿ ನಿರ್ಮಲಾ ಮೇಡಂ ಕೂತಿದ್ದರು. ನನಗಿಂತ ಜೂನಿಯರ್. ಹೆಡ್ಮಾಸ್ತರು ಓಡಿಬಂದು ನನ್ನ ಕೈ ಹಿಡಿದರು. ಅವರ ಕಣ್ಣು ಒದ್ದೆಯಾಗಿತ್ತು.

"ಚಾರ್ಜ್ ನನಗ ಬ್ಯಾಡ, ಬ್ಯಾರೆಯವರ ಕಡಿಂದ ಮಾಡಸ್ರಿ ಅಂದ್ರಲ್ಲ! ಈ ಕಾಲದಾಗ ಇಂಥ ತ್ಯಾಗ ಯಾರು ಮಾಡ್ತಾರ್ರೀ?"

"ಸರ್, ಅದು ಮೊಬೈಲಿನ..." ಎನ್ನುವಷ್ಟರಲ್ಲಿ ಕೊರಳಿಗೆ ಹಾರ ಬಿತ್ತು. ಮಕ್ಕಳೆಲ್ಲ ಚಪ್ಪಾಳೆ ತಟ್ಟಿದರು. ಹಾರ ಹಾಕಿಕೊಂಡು ಬಾಯಿಬಿಡದೆ ನಿಲ್ಲಲಾದೀತೆ? ತ್ಯಾಗದ ಮಹತ್ವದ ಬಗ್ಗೆ ಭಾಷಣ ಮಾಡಿದೆ. ಚೆನ್ನಾಗಿಯೇ ಬಂತು.

ಸಂಜೆ ಮನೆಗೆ ಬಂದರೆ ಗಿರಿಜಾ ಓಣಿಗೆಲ್ಲ ಪೇಡೆ ಹಂಚಿ ಮುಗಿಸಿದ್ದಳು. ನಡೆದದ್ದನ್ನು ಹೇಳಿದೆ.

"ಬ್ಯಾಟರಿ ಖಾಲಿ ಆಗೇತಿ ಅನ್ನಾಕ ಏನಾಗಿತ್ತು ನಿಮಗ? ಪೇಡೆ ತಿಂದೋರಿಗೆ ನಾ ಏನಂತ ಮುಖ ತೋರಿಸ್ಲಿ?" ಆಮೇಲೆ ನಡೆದದ್ದು ಲಾಠಿಯಿಲ್ಲದ ಲಾಠಿ ಚಾರ್ಜ್.

ಮರುದಿನ ನಿರ್ಮಲಾ ಮೇಡಂ ನನ್ನನ್ನು ಕರೆಸಿದರು. "ಸರ್, ನಿಮಗ ಅಧಿಕಾರದ ಆಸೆ ಇಲ್ಲ, ಗೊತ್ತೈತಿ. ಆದ್ರೂ ಒಂದು ಚಾರ್ಜ್ ನೀವ ತಗೋಬೇಕು. ಇಲ್ಲ ಅನಬ್ಯಾಡ್ರಿ."

ಎದೆ ಉಬ್ಬಿತು. "ಹೇಳ್ರಿ ಮೇಡಂ."

"ಬಿಸಿಯೂಟದ ಮೊಟ್ಟಿದು."

ವಿನಯದಿಂದ ಒಪ್ಪಿ ಅಡುಗೆ ಕೋಣೆಗೆ ಹೋದೆ. ಇಸ್ತ್ರಿ ಅಂಗಿಯ ತೋಳು ಮಡಿಚಿ ಸುಲಿಯಲು ಕೂತೆ. ಮೊದಲ ಮೊಟ್ಟೆಯೇ ಇನ್ನೂ ಬೆಂದಿರಲಿಲ್ಲ, ಅಂಗಿಯ ಮೇಲೆಲ್ಲ ಹರಿಯಿತು!