ಹೊಸ ನಂಬರಿನ ಪ್ರತಿವಾದಿ

ಟಿ. ನಗರದ ಆ ಬೀದಿಯಲ್ಲಿ ಪ್ರತಿ ಮನೆಗೂ ಎರಡು ನಂಬರು, ಹಳೆಯದೊಂದು, ಹೊಸದೊಂದು. ಹಳೆಯ ಹನ್ನೆರಡರಲ್ಲಿದ್ದವರು ಅಕ್ಕಿ ಮಂಡಿಯ ಪಂಢರಿನಾಥರಾಯರು; ಸ್ವಂತ ಮನೆ. ಹೊಸ ಹನ್ನೆರಡರ ಮಹಡಿಯಲ್ಲಿ ಬಾಡಿಗೆಗಿದ್ದವರು ವಿಮಾ ಕಂಪನಿಯ ಗುಮಾಸ್ತ, ಅವರೂ ಪಂಢರಿನಾಥರಾಯರೇ. ೧೯೫೮ರ ಜುಲೈಯಲ್ಲಿ ಒಂದು ಬೆಳಿಗ್ಗೆ ಕೋರ್ಟಿನ ಅಮೀನ ಬಂದು ಬಾಗಿಲು ತಟ್ಟಿದ್ದು ಗುಮಾಸ್ತರದು.

"ಕೈಯೆಳುತ್ತು ಪೋಡುಂಗ ಸಾರ್" ಎಂದು ತಮಿಳಿನಲ್ಲಿ ಸಹಿ ಕೇಳಿದ. ರಿಜಿಸ್ಟರ್ ಪತ್ರವೆಂದುಕೊಂಡು ರಾಯರು ಸಹಿ ಹಾಕಿದರು. ಒಡೆದು ನೋಡಿದರೆ ಸಮನ್ಸು! ನೆರೆಮನೆಯ ಕಿಟಕಿಗೆ ಅಡ್ಡವಾಗಿ ಎಬ್ಬಿಸಿದ ಗೋಡೆಯನ್ನು ಕೆಡವಬೇಕೆಂದು ದಾವೆ. ವಿಚಾರಣೆಯ ವಾಯಿದೆ ಅದೇ ದಿನ.

"ನಮಗೆಲ್ಲಿದೆ ಗೋಡೆ? ಮೊಳೆ ಹೊಡೆಯೋಕೂ ಮನೆಯೊಡತಿ ಬಿಡೋಲ್ಲ!" ಎಂದರು ಹೆಂಡತಿ ಗೋದಾಬಾಯಿ.

ರಾಯರು ಸಮನ್ಸು ಹಿಡಿದು ಮಂಡಿಯವರ ಮನೆಗೆ ಓಡಿದರು. "ನಿಮಗೆ ಬಂದ ಕಾಗದ ನೀವೇ ಇಟ್ಕೊಳ್ಳಿ" ಎಂದು ಮಂಡಿಯವರು ಬಾಗಿಲು ಹಾಕಿಕೊಂಡರು.

ಕೆಳಮನೆಯ ಸುಬ್ರಾಯರು ರೈಲ್ವೆಯ ನಿವೃತ್ತ ಗಾರ್ಡ್. ಹನ್ನೊಂದು ವರ್ಷದಿಂದ ಒಂದು ಬಾವಿಯ ದಾವೆ ನಡೆಸುತ್ತಿದ್ದವರು. ಸಮನ್ಸು ಕಂಡದ್ದೇ, ದೇವಸ್ಥಾನದ ಕೊಳದ ಮೀನು ಪುರಿ ಕಂಡಂತೆ ಮೇಲಕ್ಕೆ ಚಿಮ್ಮಿದರು.

"ಸಹಿ ಹಾಕಿದ್ದಾಯ್ತಲ್ಲ! ಹೋಗ್ದಿದ್ರೆ ಎಕ್ಸ್‌ಪಾರ್ಟಿ ಡಿಕ್ರಿ, ನೀವಿಲ್ದೇನೇ ತೀರ್ಪು. ಆಮೇಲೆ ಮನೆಯೊಡತಿ ಗೋಡೆಯನ್ನ ನೀವೇ ಕೆಡವ್ಬೇಕು. ಕವಲೆ ಬೇಡ ಸ್ವಾಮಿ, ಚಿಂತೆ ಬಿಡಿ, ನಾನಿದ್ದೀನಿ."

ಉಳಿದಿದ್ದ ಒಂದೇ ಒಂದು ರಜೆ ಹಾಕಿ ರಾಯರು ಸುಬ್ರಾಯರೊಡನೆ ಕೋರ್ಟಿಗೆ ಹೊರಟರು. ಅಲ್ಲಿ ವಾಯಿದೆಗೆ ಬಂದವರು ಒಣಗಹಾಕಿದ ಪಂಚೆಗಳಂತೆ ಬೆಂಚಿನ ಮೇಲೆ ಜೋತುಬಿದ್ದಿದ್ದರು. ಸುಬ್ರಾಯರ ಪರಿಚಯದ ವಕೀಲ ತಿರುಮಲಾಚಾರ್ಯರು ಅಫಿಡವಿಟ್ ಬರೆಯಲು ಕುಳಿತರು. "ನಾನು ಆ ಪಂಢರಿನಾಥನಲ್ಲ" ಎಂಬ ಒಂದು ಸಾಲು.

"ಇಷ್ಟು ಸಪ್ಪೆಯಾಗಿ ಬರೆದ್ರೆ ಜಡ್ಜಿ ನಂಬ್ತಾರೆಯೇ?" ಎಂದರು ಸುಬ್ರಾಯರು. ರಾಯರತ್ತ ತಿರುಗಿ, "ಗೋಡೆ ಕಟ್ಟಿದ್ದು ಯಾರು ಅನ್ನೋದನ್ನ ನೀವು ನೋಡಿಲ್ವೆ?"

"ನೋಡ್ದೆ ಏನು? ದಿನಾ ಬೆಳಿಗ್ಗೆ ಹಲ್ಲುಜ್ಜುವಾಗ ಕಾಣ್ತಿತ್ತು. ಮಂಡಿಯವರೇ ನಿಂತು ಕಟ್ಟಿಸಿದ್ರು."

"ಅದನ್ನೇ ಬರೀರಿ ಆಚಾರ್ರೇ, ತಾರೀಖು ಸಮೇತ!"

ಬರೆದದ್ದಾಯಿತು. ಮಧ್ಯಾಹ್ನ ಮೂರಕ್ಕೆ ಕೇಸು ಕೂಗಿದರು. ಜಡ್ಜಿ ಅಫಿಡವಿಟ್ಟನ್ನು ಎರಡು ಸಲ ಓದಿದರು. "ಇವರು ಪ್ರತಿವಾದಿಯಲ್ಲ. ಹಳೆಯ ಹನ್ನೆರಡಕ್ಕೆ ಹೊಸ ಸಮನ್ಸು ಹೋಗಲಿ" ಎಂದರು. ರಾಯರಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೈಮುಗಿದರು.

ಆಗ ವಾದಿಯ ವಕೀಲರು ನಗುತ್ತ ಎದ್ದರು. "ಮಹಾಸ್ವಾಮಿ, ಗೋಡೆ ಎದ್ದದ್ದನ್ನು ಕಣ್ಣಾರೆ ಕಂಡವರು ಒಬ್ಬರೂ ಸಿಕ್ಕಿರಲಿಲ್ಲ. ಇವರನ್ನು ನಮ್ಮ ಸಾಕ್ಷಿಪಟ್ಟಿಗೆ ಸೇರಿಸಿಕೊಳ್ಳಲು ಅಪ್ಪಣೆಯಾಗಬೇಕು."

ಅಪ್ಪಣೆಯಾಯಿತು.

ಹೊರಗೆ ಬಂದು ರಾಯರು ತಿರುಮಲಾಚಾರ್ಯರ ಕೈ ಹಿಡಿದುಕೊಂಡರು. "ಆಚಾರ್ರೇ, ನನಗೆ ಇನ್ನು ರಜೆಯಿಲ್ಲ. ನನ್ನ ಪರವಾಗಿ ನೀವೇ ಬಂದು ಹೇಳ್ಬಿಡಿ."

"ನೀವು ಪ್ರತಿವಾದಿಯಾಗಿದ್ದಿದ್ರೆ ನಾನೇ ಬರ್ತಿದ್ದೆ, ನೀವು ನಿಶ್ಚಿಂತೆಯಾಗಿ ಆಫೀಸಿಗೆ ಹೋಗ್ಬಹುದಿತ್ತು" ಎಂದರು ಆಚಾರ್ಯರು ಮರುಕದಿಂದ. "ಸಾಕ್ಷಿ ಅಂದ್ಮೇಲೆ, ಕರೆದಾಗಲೆಲ್ಲ ಖುದ್ದು ನೀವೇ ಬರ್ಬೇಕು ರಾಯರೇ."